ಕಾರ್ಬೊರೇಟರ್ ಕಳಚಿ ಜೋಡಿಸಿದ ಮೇಲೂ ಎಂಜಿನ್ ಕೈಕೊಟ್ಟರೆ?

ಔಟ್‌ಬೋರ್ಡ್ ಎಂಜಿನ್ನಿನ ಬೆಲೆ ಏನೆಂಬುದು ನಮ್ಮ ಕರಾವಳಿಯಲ್ಲಿ ತಿಳಿಯುವುದು ಮಳೆಗಾಲದಲ್ಲಿ. ಕೇರಳದಲ್ಲಿ 1988ರಿಂದ ಮಳೆಗಾಲದ ಟ್ರಾಲಿಂಗಿಗೆ ನಿಷೇಧವಿದೆ. ಆ ದಿನಗಳಲ್ಲಿ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯ ತನಕ ಕಡಲಿಗಿಳಿಯುವವು ನಾಡದೋಣಿಗಳೇ. ನಾಲ್ಕೈದು ಮನೆಗಳ ಗಂಜಿ ಒಂದು ಎಂಜಿನ್ನನ್ನು ನಂಬಿಕೊಂಡಿರುತ್ತದೆ. ಅದೇ ಎಂಜಿನ್ ಅಳಿವೆಬಾಗಿಲಿನ ತೆರೆಗಳ ನಡುವೆ ನಿಂತುಬಿಟ್ಟರೆ ಪ್ರಶ್ನೆ ಗಂಜಿಯದಲ್ಲ, ಜೀವದ್ದು.

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ನೆರೆಮನೆಯವರು ತಮ್ಮ ಎಂಜಿನ್ನಿನ ಎರಡೂ ಕಾರ್ಬೊರೇಟರುಗಳನ್ನು ಕಳಚಿ, ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿದರು. ಅಂಗಳದಲ್ಲಿ ಡ್ರಮ್ಮಿನ ನೀರಿನಲ್ಲಿ ಎಂಜಿನ್ ಚೆನ್ನಾಗಿಯೇ ಓಡಿತು. ಹೊಳೆಗಿಳಿಸಿ ಹತ್ತು ನಿಮಿಷವಾಗುವಷ್ಟರಲ್ಲಿ ಉಸಿರುಕಟ್ಟಿದಂತೆ ನಿಂತಿತು. ತುಸು ಹೊತ್ತು ಬಿಟ್ಟು ಹಗ್ಗ ಎಳೆದರೆ ಹೊರಟಿತು, ಮತ್ತೆ ನಿಂತಿತು. ಹೊಸತಾಗಿ ಕೈಹಾಕಿದ್ದು ಕಾರ್ಬೊರೇಟರಿಗೆ, ಆದ್ದರಿಂದ ತಪ್ಪೂ ಅದರದೇ ಎಂದು ಅದನ್ನು ಎರಡು ಸಲ ಪುನಃ ಬಿಚ್ಚಿದ್ದಾಯಿತು. ಎರಡು ದಿನ ದೋಣಿ ದಡದಲ್ಲೇ ಉಳಿಯಿತು. ಬೇರೆಯವರ ದೋಣಿಗಳು ಬೂತಾಯಿ ತುಂಬಿಕೊಂಡು ಬಂದವು.

ಕೊನೆಗೆ ವಯಸ್ಸಾದ ತಂಡೇಲರೊಬ್ಬರು ಬಂದು ನೋಡಿದರು. ಇಂಧನದ ಕೊಳವೆಯಲ್ಲಿರುವ ರಬ್ಬರ್ ಬಲ್ಬ್ ಚಪ್ಪಟೆಯಾಗಿತ್ತು. ಅವರು ಎಂಜಿನ್ನನ್ನು ಮುಟ್ಟಲೇ ಇಲ್ಲ. ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿತಿರುಪನ್ನು ಸಡಿಲಿಸಿದರು. ಸುಯ್ಯೆಂದು ಗಾಳಿ ಒಳಗೆ ಹೋಯಿತು. ರಿಕ್ಷಾದಲ್ಲಿ ಟ್ಯಾಂಕನ್ನು ದಡಕ್ಕೆ ಒಯ್ಯುವಾಗ ಇಂಧನ ತುಳುಕದಿರಲೆಂದು ಬಿಗಿಮಾಡಿದ ತಿರುಪನ್ನು ಸಡಿಲಿಸಲು ಎಲ್ಲರೂ ಮರೆತಿದ್ದರು! ಆದರೆ ಅಷ್ಟರಲ್ಲಿ ಬಿಚ್ಚಿ ಬಿಚ್ಚಿ ಕಾರ್ಬೊರೇಟರಿನ ತಿರುಪುಗಳ ಹದ ತಪ್ಪಿ, ಇಲ್ಲದ ದೋಷವೊಂದು ಹುಟ್ಟಿಕೊಂಡಿತ್ತು. ಅದನ್ನು ಸರಿಪಡಿಸಲು ಇನ್ನೊಂದು ದಿನ ಹಿಡಿಯಿತು.

ಎಂಜಿನ್ನಿನ ಜತೆಗೆ ಬರುವ ಪುಸ್ತಕ ಇಂಗ್ಲಿಷಿನದು, ರಿಪೇರಿಯವರ ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ. ಆದ್ದರಿಂದ ಪರೀಕ್ಷಿಸುವ ಕ್ರಮವನ್ನು ನಮ್ಮ ಮಾತಿನಲ್ಲೇ ಬರೆದಿಡುವುದು ಒಳ್ಳೆಯದೆಂದು ತೋರಿತು.

ಮೊದಲನೆಯದಾಗಿ, ಇಂಧನ ಬರುವ ದಾರಿಯನ್ನು ಟ್ಯಾಂಕಿನಿಂದಲೇ ಹಿಡಿದು ನೋಡಬೇಕು. ಗಾಳಿತಿರುಪು ತೆರೆದಿದೆಯೇ? ಟ್ಯಾಂಕಿನ ತಳದಲ್ಲಿ ನೀರು ನಿಂತಿದೆಯೇ? ಬಲ್ಬಿನ ಮೇಲಿನ ಬಾಣದ ಗುರುತು ಎಂಜಿನ್ನಿನ ಕಡೆಗಿದೆಯೇ? ಬಲ್ಬ್ ಹಿಚುಕಿದಾಗ ಗಟ್ಟಿಯಾಗಬೇಕು. ಎಷ್ಟು ಹಿಚುಕಿದರೂ ಮೆತ್ತಗೇ ಇದ್ದರೆ, ಎಲ್ಲೋ ಸಂದಿನಲ್ಲಿ ಗಾಳಿ ಎಳೆಯುತ್ತಿರಬಹುದು. ಓಡುವಾಗ ಚಪ್ಪಟೆಯಾದರೆ ಟ್ಯಾಂಕಿನ ಕಡೆ ಕಟ್ಟಿದೆಯೆಂದು ಅರ್ಥ. ಎಂಜಿನ್ ಸೊರಗುವಾಗ ಬಲ್ಬ್ ಹಿಚುಕಿದರೆ ಚೇತರಿಸಿಕೊಳ್ಳುತ್ತದೆಯೇ? ಹಾಗಾದರೆ ಕಾರ್ಬೊರೇಟರಿಗಿಂತ ಮೊದಲು ಕೊಳವೆ, ಫಿಲ್ಟರ್, ಪಂಪುಗಳನ್ನು ಸಂಶಯಿಸಬೇಕು. ಹಳೆಯ ಕೊಳವೆಯ ಒಳಪದರ ಚೂರುಚೂರಾಗಿ ಬಂದು, ಈಗತಾನೇ ತೊಳೆದ ಜೆಟ್ಟಿನಲ್ಲಿ ಕೂರುವುದೂ ಉಂಟು.

ಎರಡನೆಯದು ಪ್ಲಗ್. ಎರಡನ್ನೂ ಬಿಚ್ಚಿ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಒಂದು ಕಪ್ಪಾಗಿ ಒದ್ದೆಯಾಗಿದ್ದು ಇನ್ನೊಂದು ಸರಿಯಾಗಿದ್ದರೆ, ಅವನ್ನು ಅದಲುಬದಲು ಮಾಡಿ ಓಡಿಸಿರಿ. ತೊಂದರೆ ಪ್ಲಗ್ಗಿನ ಜತೆಗೇ ಸ್ಥಳ ಬದಲಿಸಿದರೆ ಪ್ಲಗ್ ಕೆಟ್ಟಿದೆ. ಅಲ್ಲೇ ಉಳಿದರೆ ಆ ಬದಿಯ ಕಿಡಿಯನ್ನು, ಬಳಿಕ ಆ ಬದಿಯ ಕಾರ್ಬೊರೇಟರನ್ನು ನೋಡಬೇಕು.

ಈಗ ಕಾರ್ಬೊರೇಟರಿನ ಸರದಿ. ಹೊರಗೆ ಇಂಧನ ತುಳುಕುತ್ತಿದ್ದರೆ ಸೂಜಿಯ ಕೆಳಗೆ ಕಸ ಕೂತಿರಬಹುದು, ಇಲ್ಲವೇ ಫ್ಲೋಟಿನ ಮಟ್ಟ ಹೆಚ್ಚಾಗಿರಬಹುದು. ಚೋಕ್ ಎಳೆದಾಗ ಮಾತ್ರ ಓಡುತ್ತದೆಂದರೆ ಇಂಧನ ಸಾಲುತ್ತಿಲ್ಲ: ಜೆಟ್ ಕಟ್ಟಿದೆ, ಅಥವಾ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಗಾಳಿ ನುಗ್ಗುತ್ತಿದೆ. ನಿಧಾನಗತಿಯಲ್ಲಿ ಮಾತ್ರ ನಿಲ್ಲುವುದಾದರೆ ಸಣ್ಣ ಜೆಟ್ಟನ್ನು, ವೇಗ ಏರದಿದ್ದರೆ ದೊಡ್ಡ ಜೆಟ್ಟನ್ನು ನೋಡಬೇಕು. ಎರಡು ಕಾರ್ಬೊರೇಟರುಗಳಿದ್ದರೆ ಎರಡರ ಬಾಗಿಲುಗಳೂ ಒಟ್ಟಿಗೇ ತೆರೆದು ಒಟ್ಟಿಗೇ ಮುಚ್ಚಬೇಕು. ಜೆಟ್ಟಿಗೆ ಉಕ್ಕಿನ ತಂತಿ ತೂರಿಸಬೇಡಿರಿ, ತೂತು ಹಿರಿದಾಗುತ್ತದೆ; ಬಲೆಯ ನೈಲಾನ್ ಎಳೆ ಸಾಕು.

ಚೋಕ್ ಅರ್ಧ ಎಳೆದು ಹೇಗೋ ನಿಭಾಯಿಸೋಣ ಎಂದು ಕಡಲಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಆಯಿಲ್ ಬೆರೆಸಿದ ಇಂಧನದಿಂದ ಓಡುವ ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಇಂಧನ ಕಡಿಮೆಯಾದರೆ ಆಯಿಲೂ ಕಡಿಮೆಯಾಗುತ್ತದೆ. ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡರೆ ಒಂದು ಗ್ಯಾಸ್ಕೆಟ್ಟಿನ ಖರ್ಚಿನಲ್ಲಿ ಮುಗಿಯುವುದಿಲ್ಲ. ಚಿಮಿಣಿ ಎಣ್ಣೆಯ ಎಂಜಿನ್ನಿನವರು ಇನ್ನೊಂದನ್ನೂ ನೆನಪಿಡಬೇಕು: ನಿಲ್ಲಿಸುವ ಮುಂಚೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸದಿದ್ದರೆ, ಒಳಗುಳಿದ ಚಿಮಿಣಿ ಎಣ್ಣೆಯಿಂದ ತಣ್ಣಗಿನ ಎಂಜಿನ್ ಹೊರಡುವುದು ಕಷ್ಟ.

ಈ ಎಲ್ಲ ಕೆಲಸ ಬಯಲಲ್ಲಿ, ಬೀಡಿ ಬೆಂಕಿಯಿಂದ ದೂರವಿದ್ದು ಮಾಡತಕ್ಕದ್ದು. ನೀರಿಲ್ಲದೆ ಎಂಜಿನ್ ಓಡಿಸಕೂಡದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕಬೇಕು. ತಿರುಪು ಎಷ್ಟು ಸುತ್ತು ಬಿಚ್ಚಿದ್ದೆಂದು ಬರೆದಿಡಬೇಕು.

ಡ್ರಮ್ಮಿನಲ್ಲಿ ಓಡಿದ ಎಂಜಿನ್ ಕಡಲಲ್ಲೂ ಓಡುತ್ತದೆಂಬ ನಂಬಿಕೆ ಬೇಡ. ಭಾರ ಬಿದ್ದಾಗಲೇ ಅದರ ನಿಜ ಸ್ಥಿತಿ ತಿಳಿಯುವುದು. ಕಾರ್ಬೊರೇಟರಿಗೆ ಕೈಹಾಕಿದ ಮೇಲೆ ಜನರನ್ನು, ಬಲೆಯನ್ನು ಹೇರಿಕೊಂಡು ಹೊಳೆಯಲ್ಲೇ ಅರ್ಧ ಗಂಟೆ ಓಡಿಸಿರಿ. ನೆರೆಮನೆಯವರ ದೋಣಿ ಈಗ ಹಾಗಲ್ಲದೆ ಅಳಿವೆ ದಾಟುವುದಿಲ್ಲ. ಹೊರಡುವ ಮುಂಚೆ ಮನೆಯ ಕಿರಿಯ ಹುಡುಗ ಟ್ಯಾಂಕಿನ ಮುಚ್ಚಳವನ್ನು ಮುಟ್ಟಿ ನೋಡುತ್ತಾನೆ. ಆ ಕೆಲಸ ಅವನ ಪಾಲಿಗೆ ಬಂದಿದೆ.