ನಿಮಗಿದು ಗೊತ್ತೇ? ಏಳರ ನಡೆ, ಐದರ ಬೆಡಗು

ಏಳಕ್ಷರದ ತಾಳ ಹಾಕುವವರು ಒಂದರಿಂದ ಏಳರವರೆಗೆ ಎಣಿಸುತ್ತ ಕೂರುವುದಿಲ್ಲ, ಒಡೆದುಕೊಳ್ಳುತ್ತಾರೆ. ಮಿಶ್ರಛಾಪು 3 ಮತ್ತು 4: ತಕಿಟ, ತಕಧಿಮಿ. ಖಂಡಛಾಪು 2 ಮತ್ತು 3: ತಕ, ತಕಿಟ. ಸಂಕೀರ್ಣದ 9ಕ್ಕೆ ತಕಧಿಮಿ, ತಕತಕಿಟ. ಬೆಸಸಂಖ್ಯೆ ಎಷ್ಟೇ ದೊಡ್ಡದಿರಲಿ, ಬಿಡಿಸಿದರೆ ಸಿಗುವುದು ಎರಡು-ಮೂರರ ತುಂಡುಗಳೇ.

ತಕಿಟ, ತಕಧಿಮಿಯಂಥ ಸೊಲ್ಲು ಹೇಳುವುದರಲ್ಲಿ ಇನ್ನೊಂದು ಅನುಕೂಲವಿದೆ. ‘ಒಂದು, ಎರಡು’ ಎನ್ನುವಾಗ ಒಂದಕ್ಕೆ ಎರಡಕ್ಷರ, ಎರಡಕ್ಕೆ ಮೂರಕ್ಷರ. ಲಯ ಚುರುಕಾದರೆ ನಾಲಿಗೆ ತೊಡರುತ್ತದೆ. ತಕಿಟದಲ್ಲಿ ಎಣಿಕೆಗೊಂದೇ ಅಕ್ಷರ.

ಕನ್ನಡ ಕಾವ್ಯ ಕೇಳಿ ಬೆಳೆದವರಿಗೆ ಈ ಏಳು ಹೊಸದಲ್ಲ. ಭಾಮಿನಿ ಷಟ್ಪದಿ ಸಾಗುವುದೇ 3 ಮಾತ್ರೆ, 4 ಮಾತ್ರೆಯ ಗಣಗಳಲ್ಲಿ. ಗದುಗಿನ ಭಾರತದ ಉದ್ದಕ್ಕೂ ಕುಮಾರವ್ಯಾಸ ಇದೇ ನಡೆಯಲ್ಲಿ ಯುದ್ಧವನ್ನೂ ಅಳುವನ್ನೂ ನಗುವನ್ನೂ ಹೇಳಿದ. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿಯದು ಐದರ ನಡೆ. ಬೆಸ ಲಯವೆಂದರೆ ಪಂಡಿತರ ಕಸರತ್ತು ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ತುಂಡುಗಳ ಸರದಿ ಬದಲಾದರೆ ತಾಳದ ಸ್ವಭಾವವೇ ಬದಲಾಗುತ್ತದೆ. 3-4ನ್ನು ತಿರುವಿ 4-3 ಮಾಡಿದರೆ ವಿಲೋಮ ಛಾಪು, ವಾಗ್ಗೇಯಕಾರ ಶ್ಯಾಮಾಶಾಸ್ತ್ರಿಗಳಿಗೆ ಪ್ರಿಯವಾದದ್ದು. ಹಿಂದುಸ್ತಾನಿಯ ರೂಪಕ್ ತಾಳಕ್ಕೂ ಏಳೇ ಮಾತ್ರೆ, ಆದರೆ 3-2-2. ಅದರ ಸಮ್, ಅಂದರೆ ಸುತ್ತಿನ ಮೊದಲ ಮಾತ್ರೆ, ಬೀಳುವುದೇ ಒತ್ತಿಲ್ಲದ ಖಾಲಿಯ ಮೇಲೆ! ಉಳಿದ ತಾಳಗಳಲ್ಲಿ ಒತ್ತು ಬೀಳುವ ಜಾಗ ಇಲ್ಲಿ ಹಗುರ. ಮೊದಲ ಸಲ ಕೇಳುವವರು ಸಮ್ ಎಲ್ಲಿದೆಯೆಂದು ತಡಕಾಡುತ್ತಾರೆ.

ಜಾಝ್‌ನ ‘ಟೇಕ್ ಫೈವ್’ ಕೇಳಿದ್ದೀರಾ? ಡೇವ್ ಬ್ರೂಬೆಕ್ ತಂಡ 1959ರಲ್ಲಿ ಹೊರತಂದ ‘ಟೈಮ್ ಔಟ್’ ಆಲ್ಬಮ್‌ನ ಈ ಕೃತಿ ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಅವರದು. ಪಿಯಾನೊ ಬಿಡದೆ ನುಡಿಸುವುದು 3-2. ಅಂದರೆ ನಮ್ಮ ಖಂಡಛಾಪು ತಿರುಗುಮುರುಗಾಗಿ. ಅದೇ ಆಲ್ಬಮ್‌ನ ‘ಬ್ಲೂ ರೊಂಡೊ ಅಲಾ ತುರ್ಕ್’ಗೆ ಬ್ರೂಬೆಕ್ ಬಳಸಿದ್ದು ಟರ್ಕಿಯ ಬೀದಿ ವಾದಕರಿಂದ ಕೇಳಿದ ಒಂಬತ್ತು: 2-2-2-3. ಮೂರು ಸುತ್ತು ಹೀಗೆ ಓಡಿ, ನಾಲ್ಕನೆಯದರಲ್ಲಿ 3-3-3 ಆಗುತ್ತದೆ.

ಬಲ್ಗೇರಿಯಾದ ಜನಪದರು 2-2-3ರ ‘ರಚೆನಿತ್ಸ’ಕ್ಕೆ ಮದುವೆಮನೆಗಳಲ್ಲಿ ಕುಣಿಯುತ್ತಾರೆ. ಕುಣಿಯುವವರಿಗೆ ಏಳೆಂಬ ಲೆಕ್ಕ ಬೇಕಿಲ್ಲ: ಎರಡು ಗಿಡ್ಡ ಹೆಜ್ಜೆ, ಒಂದು ಉದ್ದ ಹೆಜ್ಜೆ, ಅಷ್ಟೇ.

ಹೆಜ್ಜೆಗೊಂದು ಅಕ್ಷರ ಹೇಳುತ್ತ ಮಿಶ್ರಛಾಪಿನಲ್ಲಿ ನಡೆದು ನೋಡಿ. ಮೊದಲ ಸುತ್ತಿನ ‘ತ’ ಬಲಗಾಲಿಗೆ ಬಿದ್ದರೆ ಎರಡನೆಯದರದು ಎಡಗಾಲಿಗೆ. ಕಾಲು ಬದಲಾಗದಿದ್ದರೆ ಎಲ್ಲೋ ಒಂದಕ್ಷರ ಹೆಚ್ಚೋ ಕಡಿಮೆಯೋ ಆಗಿದೆ.

ಪಾಶ್ಚಾತ್ಯ ಸ್ವರಲಿಪಿಯಲ್ಲಿ 7/8 ಎಂದಿದ್ದರೆ, ಮೇಲಿನದು ಒಂದು ಸುತ್ತಿನ ಎಣಿಕೆ, ಕೆಳಗಿನದು ಪ್ರತಿ ಎಣಿಕೆಯ ಅಳತೆ. ಒಳಗೆ 3-4 ಇದೆಯೋ 2-2-3 ಇದೆಯೋ ಎಂಬುದನ್ನು ಆ ಅಂಕೆ ಬಾಯಿಬಿಡುವುದಿಲ್ಲ. ಹಂಗೇರಿಯ ಬೇಲಾ ಬಾರ್ಟೋಕ್ ಅದನ್ನೂ ಬರೆದಿಟ್ಟರು. ಅವರ ‘ಮೈಕ್ರೋಕಾಸ್ಮಾಸ್’ ಪಿಯಾನೊ ಸಂಗ್ರಹದ ಕಡೆಯ ಆರು ರಚನೆಗಳು ಬಲ್ಗೇರಿಯನ್ ಲಯದ ನೃತ್ಯಗಳು. ಕೊಟ್ಟಕೊನೆಯ 153ನೆಯದರ ಎಣಿಕೆ ಎಂಟು, ಸಮಸಂಖ್ಯೆಯೇ. ಆದರೆ ಬಾರ್ಟೋಕ್ ಬರೆದದ್ದು 3+3+2.