ಕಣ್ಣು, ಕಿಂಡಿ, ದೀಪ

ನಾವು ನೋಡುವುದು ಹೇಗೆ? ಕಣ್ಣಿನಿಂದಲೇ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆಂದು ಯೂಕ್ಲಿಡ್, ಟಾಲೆಮಿಯಂಥವರೂ ನಂಬಿದ್ದರು. ಹಾಗಾದರೆ ಸೂರ್ಯನನ್ನು ದಿಟ್ಟಿಸಿದಾಗ ಕಣ್ಣು ನೋಯುವುದೇಕೆ ಎಂದು ಕೇಳಿದ, ಕ್ರಿ. ಶ. 965ರ ಸುಮಾರಿಗೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈತಮ್. ಬೆಳಕೇ ವಸ್ತುವಿನಿಂದ ಕಣ್ಣಿಗೆ ಬರುತ್ತದೆಂದು ಅವನ ವಾದ. ಆದರೆ ನೂರು ವಸ್ತುಗಳ ಬೆಳಕು ಪುಟ್ಟ ಪಾಪೆಯಲ್ಲಿ ಕಲಸಿಹೋಗದೆ?

ಇದಕ್ಕೆ ಅವನು ಮಾಡಿದ ಪರೀಕ್ಷೆಯನ್ನು ನೀವೂ ಮಾಡಿನೋಡಬಹುದು. ಕತ್ತಲೆ ಕೋಣೆಯ ಸಣ್ಣ ಕಿಂಡಿಯ ಹೊರಗೆ, ಅಷ್ಟಷ್ಟು ದೂರದಲ್ಲಿ, ಮೂರು ದೀಪಗಳನ್ನಿಡಿ. ಒಳಗೋಡೆಯ ಮೇಲೆ ಮೂರು ಬೆಳಕಿನ ಚುಕ್ಕೆಗಳು ಬೀಳುತ್ತವೆ. ಎಡಗಡೆಯ ದೀಪವನ್ನು ಮರೆಮಾಡಿ: ಬಲಗಡೆಯ ಚುಕ್ಕೆಯೊಂದೇ ಮಾಯ! ಒಂದೇ ಕಿಂಡಿಯಲ್ಲಿ ನುಸುಳಿದರೂ ಬೆಳಕುಗಳು ಬೆರೆತಿಲ್ಲ. ಒಂದನ್ನೊಂದು ಹಾಯ್ದು ತಂತಮ್ಮ ನೇರಕ್ಕೆ ಹೋಗಿವೆ. (ಮಕ್ಕಳಿಗೆ ತೋರಿಸಿ, ಪಾಠಕ್ಕಿಂತ ಚೆನ್ನಾಗಿ ನೆನಪಿರುತ್ತದೆ.)

ಅವನ ‘ಕಿತಾಬ್ ಅಲ್-ಮನಾಜಿರ್’ ಲ್ಯಾಟಿನ್ನಿಗೆ ಇಳಿದು, 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು.