ಕುಂಯ್‌ಗುಡುವ ಮೈಕಿಗೆ ಆಷಾಢದಲ್ಲಿ ಪಾಠ

ದಾವಣಗೆರೆಯಲ್ಲಿ ಮೈಕಿಗೆ ಬರ ಇಲ್ಲ. ಮದುವೆ, ಗೃಹಪ್ರವೇಶ, ಗಣಪತಿ, ರಾಜ್ಯೋತ್ಸವ, ರೈತರ ಧರಣಿ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ – ಯಾವುದಕ್ಕೇ ಹೋಗಿ, ಎಲ್ಲರಿಗಿಂತ ಮೊದಲು ಬಂದು ನಿಲ್ಲೋದು ಮೈಕ್‌ಸೆಟ್ಟಿನ ಗಾಡಿ. ಸದ್ದು ಮೂರು ಬೀದಿ ಆಚೆಗೂ ಕೇಳುತ್ತೆ. ಆದರೆ ಪೆಂಡಾಲಿನ ಹಿಂದಿನ ಸಾಲಿನಲ್ಲಿ ಕೂತವರನ್ನ "ಏನಂದ್ರು ಸ್ವಾಮಿ?" ಅಂತ ಕೇಳಿ. "ಏನೋ ಅಂದ್ರಪ್ಪ, ತಿಳೀಲಿಲ್ಲ" ಅಂತಾರೆ.

ಸದ್ದು ಉಂಟು, ಮಾತಿಲ್ಲ. ನಮ್ಮೂರ ಮೈಕಿನ ಕಥೆ ಇಷ್ಟೇ.

ನಕ್ಕು ಬಿಡೋ ವಿಷಯ ಇದಲ್ಲ. ಭದ್ರಾ ನಾಲೆಯ ಕೊನೇ ಭಾಗದ ರೈತರ ಸಭೆ ಅಂದುಕೊಳ್ಳಿ. ನೀರು ಯಾವ ತಾರೀಖಿಗೆ ಬಿಡ್ತಾರೆ, ಎಷ್ಟು ದಿನ ಹರಿಸ್ತಾರೆ ಅಂತ ವೇದಿಕೆಯಿಂದ ಹೇಳ್ತಾರೆ. ಹಿಂದೆ ನಿಂತವನಿಗೆ ಅದು ಹದಿನಾರೋ ಹದಿನೇಳೋ ಗೊತ್ತಾಗೋದಿಲ್ಲ. ಸಸಿಮಡಿ ಹಾಕೋ ಲೆಕ್ಕ ಅದರ ಮೇಲೆ ನಿಂತಿರುತ್ತೆ. ಪರಿಹಾರಕ್ಕೆ ಯಾವ ಕಾಗದ ತರಬೇಕು, ಲಸಿಕೆ ಯಾವ ಶಾಲೆಯಲ್ಲಿ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಎಲ್ಲಿದೆ – ಎಲ್ಲವನ್ನೂ ಹೇಳೋದು ಇದೇ ಮೈಕು. ಅದು ಕುಂಯ್ ಅಂದರೆ ನಷ್ಟ ಕೇಳುವವನಿಗೆ.

ಈಗ ಊರಿನ ಕೆಲವು ಮೈಕ್‌ಸೆಟ್ಟಿನವರಲ್ಲಿ ಒಂದು ಒಳ್ಳೆ ಮಾತು ಎದ್ದಿದೆ. ಕೆಲಸದ ಹುಡುಗರಿಗೆ ಎರಡು ದಿನದ ತರಬೇತಿ ಶಿಬಿರ ಮಾಡೋಣ ಅನ್ನೋದು. ಕುರ್ಚಿ ಮೇಲೆ ಕೂತು ಭಾಷಣ ಕೇಳೋ ಶಿಬಿರ ಅಲ್ಲ. ಕೈಗೆ ತಿರುಗುಳಿ ಕೊಟ್ಟು, ಕಿವಿಗೆ ಕೆಲಸ ಕೊಟ್ಟು, ಸ್ಪೀಕರ್ ಸೆಟ್ ಹೇಗೆ ಹದ ಮಾಡಬೇಕು ಅಂತ ಕಲಿಸೋ ಶಿಬಿರ.

ಪವರ್ ಅಲ್ಲ, ಹದ

"ಗಿರಾಕಿ ಬಂದ ಕೂಡಲೆ ಕೇಳೋದೇ, ಎಷ್ಟು ಬಾಕ್ಸ್ ತರ್ತೀಯಪ್ಪಾ ಅಂತ. ಮಾತು ಕೇಳುತ್ತಾ ಅಂತ ಒಬ್ರೂ ಕೇಳಲ್ಲ ಅಣ್ಣ" ಅಂತಾರೆ ಗ್ರಾಮಫೋನ್ ತಟ್ಟೆಯ ಕಾಲದಿಂದ ಈ ಕಸುಬಿನಲ್ಲಿರುವ ಹಿರಿಯರೊಬ್ಬರು. ಮಾತು ನಿಜ. ಹತ್ತು ಬಾಕ್ಸಿನವನು ಇಪ್ಪತ್ತು ಬಾಕ್ಸಿಗೆ ಸಾಲ ಮಾಡ್ತಾನೆ. ಅವನನ್ನ ನೋಡಿ ಇನ್ನೊಬ್ಬ ಮೂವತ್ತಕ್ಕೆ ಮಾಡ್ತಾನೆ.

ಲೆಕ್ಕ ನೋಡಿ. ಆಂಪ್ಲಿಫೈಯರಿನ ಪವರ್ ಎರಡರಷ್ಟು ಮಾಡಿದರೆ ಸದ್ದು ಏರೋದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತರಷ್ಟು ಪವರ್ ಬೇಕು. ಅದೇ ಮೈಕನ್ನ ಬಾಯಿಂದ ಒಂದು ಗೇಣು ದೂರ ಇದ್ದದ್ದನ್ನ ಅರ್ಧ ಗೇಣಿಗೆ ತನ್ನಿ, ಮೈಕಿಗೆ ಬೀಳೋ ಮಾತು 6 ಡೆಸಿಬೆಲ್ ಏರುತ್ತೆ. ನಾಲ್ಕು ಪಟ್ಟು ಆಂಪ್ಲಿಫೈಯರಿನ ಲಾಭ, ಕಾಸಿನ ಖರ್ಚಿಲ್ಲ. ಚಿಂದೋಡಿ ಲೀಲಾ ಅವರ ನಾಟಕ ಕಂಪನಿಯನ್ನ ಕಂಡ ಊರು ಇದು. ಕೊನೇ ಬೆಂಚಿನವನಿಗೆ ಮಾತು ಮುಟ್ಟದಿದ್ದರೆ ಟಿಕೆಟ್ ದುಡ್ಡು ದಂಡ ಅನ್ನೋದು ಇಲ್ಲಿನ ಜನಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ.

ಮೊದಲ ದಿನ: ಜೀವ, ಆಮೇಲೆ ಸದ್ದು

ಶಿಬಿರದ ಮೊದಲ ಪಾಠ ಅರ್ಥಿಂಗ್ ಆಗಬೇಕು. ಗುಂಯ್ ಅನ್ನೋ ಹಮ್ ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಕಿತ್ತುಹಾಕೋ ಚಾಳಿ ನಮ್ಮಲ್ಲಿದೆ. ಹಮ್ ಹೋಗುತ್ತೆ, ಜೊತೆಗೆ ಜೀವಕ್ಕಿದ್ದ ಕಾವಲೂ ಹೋಗುತ್ತೆ. ತುಟಿಗೆ ಮೈಕ್ ತಾಗಿದಾಗ ಜುಂ ಅಂದರೆ ಅದು ತಮಾಷೆ ಅಲ್ಲ, ಎಚ್ಚರಿಕೆಯ ಗಂಟೆ. 30 ಮಿಲಿಆಂಪಿಯರ್ ಸೋರಿದರೆ ಕರೆಂಟ್ ಕಡಿಯೋ ಬ್ರೇಕರ್ ಇಲ್ಲದೆ ಯಾವ ಸೆಟ್ಟೂ ಶುರು ಮಾಡಬಾರದು ಅಂತ ಹುಡುಗರಿಗೆ ಮೊದಲೇ ಹೇಳಿಕೊಡಬೇಕು. ಮಳೆಯಲ್ಲಿ ನೆಂದ ವೈರು, ಜನರೇಟರ್, ಕಬ್ಬಿಣದ ಕಂಬ – ಮೂರನ್ನೂ ಮುಟ್ಟಿ ತೋರಿಸಿ ಕಲಿಸಬೇಕು.

ಎರಡನೇ ಪಾಠ ವೈರಿನ ದಿಕ್ಕು. ಎರಡು ಬಾಕ್ಸಿನಲ್ಲಿ ಒಂದರ ಪ್ಲಸ್ ಮೈನಸ್ ಅದಲುಬದಲಾದರೆ ಒಂದು ಗಾಳಿಯನ್ನ ಮುಂದಕ್ಕೆ ತಳ್ಳಿದಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತೆ. ಬೇಸ್ ಮಾಯ. ಹುಡುಗ ಬೇಸ್ ಇನ್ನೂ ತಿರುಗಿಸ್ತಾನೆ, ಆಂಪ್ಲಿ ಬಿಸಿಯಾಗುತ್ತೆ. ಇದನ್ನ ಹಿಡಿಯೋಕೆ ಮೆಷಿನ್ ಬೇಡ. ಗೋಡೆ ಗಡಿಯಾರದ 1.5 ವೋಲ್ಟಿನ ಸೆಲ್ಲನ್ನ ಬೇಸ್ ಸ್ಪೀಕರಿಗೆ ಒಂದು ಕ್ಷಣ ತಾಗಿಸಿದರೆ ಸಾಕು. ಪ್ಲಸ್ಸಿಗೆ ಪ್ಲಸ್ ಕೊಟ್ಟಾಗ ಕಾಗದದ ಕೋನ್ ಹೊರಕ್ಕೆ ಬಂದರೆ ಸರಿ, ಒಳಕ್ಕೆ ಹೋದರೆ ಉಲ್ಟಾ.

ಮಧ್ಯಾಹ್ನ ಕುಂಯ್‌ನ ಸರದಿ. ಸ್ಪೀಕರಿನ ಸದ್ದನ್ನ ಮೈಕು ಮತ್ತೆ ಹಿಡಿಯುತ್ತೆ, ಆಂಪ್ಲಿ ಅದನ್ನ ದೊಡ್ಡದು ಮಾಡುತ್ತೆ, ಮೈಕು ಮತ್ತೆ ಹಿಡಿಯುತ್ತೆ. ಗಾಣದೆತ್ತಿನ ಹಾಗೆ ಸುತ್ತು ಹೊಡೆದು ಕೊನೆಗೆ ಕಿರುಚುತ್ತೆ. ಮದ್ದು ಸರಳ. ಸ್ಪೀಕರ್ ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಬೇಕು. ಮಾತಾಡದವರ ಮೈಕ್ ಮುಚ್ಚಿರಬೇಕು. ತೆರೆದ ಮೈಕ್ ಎರಡರಷ್ಟಾದಾಗಲೆಲ್ಲ 3 ಡೆಸಿಬೆಲ್ ಕಳೆದುಕೊಂಡ ಹಾಗೆ. ವೇದಿಕೆ ಮೇಲಿನ ಗಣ್ಯರಿಗೆಲ್ಲ ಒಂದೊಂದು ಮೈಕ್ ಬೇಕು ಅಂದರೆ ದಂಡ ತೆರೋದು ಸಭಿಕರು. ಇಷ್ಟಾದ ಮೇಲೂ ಕಿರುಚಿದರೆ, ಯಾವ ಸ್ವರದಲ್ಲಿ ಕಿರುಚ್ತಿದೆ ಅಂತ ಕಿವಿಯಿಂದ ಗುರುತಿಸಿ ಈಕ್ವಲೈಸರಿನಲ್ಲಿ ಅದೊಂದನ್ನೇ ಇಳಿಸಬೇಕು. ಇದು ಪುಸ್ತಕ ಓದಿ ಬರೋ ವಿದ್ಯೆ ಅಲ್ಲ. ಬೇಕಂತಲೇ ಕಿರುಚಿಸಿ, ಹುಡುಗನ ಕೈಯಿಂದಲೇ ಇಳಿಸಬೇಕು. ಹತ್ತು ಸಲ ಮಾಡಿದರೆ ಹನ್ನೊಂದನೇ ಸಲ ಕೈ ತಾನಾಗೇ ಅಲ್ಲಿಗೆ ಹೋಗುತ್ತೆ.

ಎರಡನೇ ದಿನ: ಮಂಟಪ ಮತ್ತು ಬಯಲು

ನಮ್ಮೂರ ಕಲ್ಯಾಣ ಮಂಟಪಗಳನ್ನ ನೋಡಿದ್ದೀರಲ್ಲ. ನೆಲಕ್ಕೆ ಗ್ರಾನೈಟು, ಗೋಡೆಗೆ ಟೈಲ್ಸು, ಕಿಟಕಿಗೆಲ್ಲ ಗಾಜು. ನೋಡೋಕೆ ಚೆಂದ, ಕೇಳೋಕೆ ವಿಜಯಪುರದ ಗೋಲಗುಮ್ಮಟ. ಅಲ್ಲಿ ದನಿ ಏಳು ಸಲ ಮರಳುತ್ತೆ ಅಂತ ಜನ ದುಡ್ಡು ಕೊಟ್ಟು ನೋಡ್ತಾರೆ. ಇಲ್ಲಿ ಮದುವೆಗೆ ಬಂದವರು ಪುಕ್ಕಟೆ ಅನುಭವಿಸ್ತಾರೆ.

ಈ ರೋಗ ಹಳೇದು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸದ ಹಾಲಿನಲ್ಲಿ ಮೇಷ್ಟರ ಮಾತು ಯಾರಿಗೂ ತಿಳೀತಿರಲಿಲ್ಲ. ಆಡಿದ ಮಾತು ಅಡಗೋಕೆ ಐದೂವರೆ ಸೆಕೆಂಡ್ ಹಿಡೀತಿತ್ತು. ವ್ಯಾಲೇಸ್ ಸೇಬಿನ್ ಅನ್ನೋ ತರುಣ ಅಧ್ಯಾಪಕ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಕುರ್ಚಿ ದಿಂಬುಗಳನ್ನ ಹೊತ್ತು ತಂದು, ಹಾಕಿ, ತೆಗೆದು, ಸ್ಟಾಪ್‌ವಾಚ್ ಹಿಡಿದು ಅಳೆದ. ಬಟ್ಟೆ, ದಿಂಬು, ಮನುಷ್ಯರ ಮೈ ಸದ್ದನ್ನ ಕುಡಿಯುತ್ತೆ, ಕಲ್ಲು ಗಾಜು ವಾಪಸ್ ಎಸೆಯುತ್ತೆ ಅನ್ನೋದಕ್ಕೆ ಲೆಕ್ಕದ ಸೂತ್ರ ಕೊಟ್ಟ.

ಹಾಗಾಗಿ ಮಂಟಪದ ಗೋಡೆ ಮಾಡೋ ತಪ್ಪನ್ನ ಈಕ್ವಲೈಸರ್ ತಿದ್ದೋದಿಲ್ಲ. ದೊಡ್ಡ ಬಾಕ್ಸ್ ಎರಡನ್ನ ಚಾವಣಿ ಕಡೆ ಮುಖ ಮಾಡಿ ಇಡೋ ಬದಲು ಸಣ್ಣ ಬಾಕ್ಸ್ ನಾಲ್ಕನ್ನ ಜನರ ಹತ್ತಿರ, ಜನರ ಕಡೆಗೇ ತಿರುಗಿಸಿ ಮೆಲ್ಲಗೆ ಬಿಡಿ. ಬರೀ ಗೋಡೆಗೆ ಪರದೆ ಕಟ್ಟಿಸಿ. ಶಾಮಿಯಾನದವನ ಬಟ್ಟೆ ಮೈಕ್‌ಸೆಟ್ಟಿನವನ ನೆಂಟ.

ಮಧ್ಯಾಹ್ನ ಬಯಲಿಗೆ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತೆ, ಕರೆಂಟ್ ವೈರಿನಲ್ಲಿ ಕಣ್ಣುಮುಚ್ಚಿ ತೆಗೆಯೋದರೊಳಗೆ ತಲುಪಿರುತ್ತೆ. ಜಾತ್ರೆ ಬೀದಿಯಲ್ಲಿ 100 ಮೀಟರ್ ದೂರದ ಕಂಬದ ಹಾರ್ನ್ ಹತ್ತಿರ ನಿಂತವನಿಗೆ ಅದರ ಮಾತು ಮೊದಲು ಕೇಳುತ್ತೆ. ವೇದಿಕೆಯ ಸ್ಪೀಕರಿನ ಅದೇ ಮಾತು ಸೆಕೆಂಡಿನ ಮೂರನೇ ಒಂದು ಪಾಲಿನಷ್ಟು ತಡವಾಗಿ ಬಂದು ಡಿಕ್ಕಿ ಹೊಡೆಯುತ್ತೆ. ಎರಡು ಮಾತು ಕಲಸಿ ಅಂಬಲಿ. ಇದಕ್ಕೆ ಡಿಲೇ ಇಡಬೇಕು, ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ಲೆಕ್ಕ. ಈಗ ಬರೋ ಡಿಜಿಟಲ್ ಮಿಕ್ಸರ್‌ಗಳಲ್ಲಿ ಸಾಮಾನ್ಯವಾಗಿ ಈ ಸೌಕರ್ಯ ಇರುತ್ತೆ. ಒತ್ತೋ ಕೈ ಇಲ್ಲ, ಅಷ್ಟೆ.

ಅಳೆಯೋ ಮೈಕು, ಲ್ಯಾಪ್‌ಟಾಪು, ಮಳೆ ಸುರಿದ ಹಾಗೆ ಕೇಳೋ ಪರೀಕ್ಷೆಯ ಸದ್ದು – ಇವನ್ನೂ ತೋರಿಸಲಿ. ರೂಮ್ ಈಕ್ಯೂ ವಿಝರ್ಡ್ ಅನ್ನೋ ತಂತ್ರಾಂಶ ಪುಕ್ಕಟೆ ಸಿಗುತ್ತೆ. ಆದರೆ ಪರದೆ ನೋಡೋದಕ್ಕೆ ಮುಂಚೆ ಹುಡುಗ ಬಯಲಿನ ನಾಲ್ಕು ಮೂಲೆಗೂ ನಡೆದು ಕೇಳಿ ಬರಬೇಕು. ಮಿಕ್ಸರ್ ಹಿಂದೆ ಕೂತವನಿಗೆ ಚೆನ್ನಾಗಿ ಕೇಳಿದರೆ ಯಾರಿಗೇನು ಲಾಭ?

ಪರೀಕ್ಷೆ ಹೇಗೆ?

ಕೊನೇ ದಿನ ಸಂಜೆ ಒಂದು ಪರೀಕ್ಷೆ ಇಡಲಿ. ವೇದಿಕೆಯಿಂದ ಒಬ್ಬರು ಹಾಲು, ಕಾಲು, ಸಾಲು, ಪಾಲು ಅಂತ ಹಿಂದುಮುಂದಾಗಿ ಓದಲಿ. ಕೊನೇ ಸಾಲಿನಲ್ಲಿ ಕೂತವರು ಕೇಳಿಸಿದ್ದನ್ನ ಬರೆಯಲಿ. ಇವುಗಳಲ್ಲಿ 'ಆಲು' ಎಲ್ಲದಕ್ಕೂ ಒಂದೇ, ವ್ಯತ್ಯಾಸ ಇರೋದು ಮೊದಲ ವ್ಯಂಜನದಲ್ಲಿ. ವ್ಯಂಜನದ ಸದ್ದು ಸಣ್ಣದು, ಮೇಲಿನ ಸ್ವರದ್ದು. ಬೇಸ್ ಜಾಸ್ತಿ ಆದರೆ ಮೊದಲು ಮುಳುಗೋದು ಅದೇ. ಬರೆದ ಹಾಳೆಯಲ್ಲಿ ತಪ್ಪು ಎಣಿಸಿದರೆ ಸೆಟ್ಟಿನ ಹದ ಎಷ್ಟು ಅಂತ ಯಾರಿಗಾದರೂ ತಿಳಿಯುತ್ತೆ.

ಕಾನೂನು, ಕಿವಿ, ಗಿರಾಕಿ

ಮೈಕ್‌ಸೆಟ್ಟಿನವರಿಗೆ ಪೊಲೀಸರ ಭಯ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಓದಿದವರು ಮಾತ್ರ ಕಡಿಮೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಕೂಡದು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಧ್ವನಿವರ್ಧಕ ಹಾಕಿದ ಸಾರ್ವಜನಿಕ ಜಾಗದ ಗಡಿಯಲ್ಲಿ ಅದಕ್ಕಿಂತ 10 ಹೆಚ್ಚು, ಇಲ್ಲವೆ 75 – ಯಾವುದು ಕಡಿಮೆಯೋ ಅದು. ಮೀಟರ್ ಹಿಡಿದು ಗಡಿಯಲ್ಲಿ ನಿಂತು ಓದೋದನ್ನೂ ಶಿಬಿರದಲ್ಲಿ ಕಲಿಸಿದರೆ, ಸೆಟ್ ಜಪ್ತಿ ಆದ ಮೇಲೆ ಠಾಣೆ ಮುಂದೆ ಕೈಕಟ್ಟಿ ನಿಲ್ಲೋದು ತಪ್ಪುತ್ತೆ.

ಹುಡುಗರ ಕಿವಿ ಮಾತು ಯಾರೂ ಎತ್ತೋದಿಲ್ಲ. 85 ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅಂತ ಒಂದು ಲೆಕ್ಕ. ಪ್ರತಿ 3 ಏರಿದಾಗ ಹೊತ್ತು ಅರ್ಧ ಆಗುತ್ತೆ. 100ಕ್ಕೆ ಬಂದರೆ ಕಾಲು ಗಂಟೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಇಟ್ಟ ಮಿತಿಯೂ ಕಾಲು ಗಂಟೆಯ ಸರಾಸರಿ 100. ಮೆರವಣಿಗೆ ಗಾಡಿ ಮೇಲೆ ಬಾಕ್ಸಿಗೆ ಬೆನ್ನು ಕೊಟ್ಟು ಸಂಜೆಯಿಂದ ಕೂರೋ ಹುಡುಗನಿಗೆ ದಿನಗೂಲಿ ಸಿಗುತ್ತೆ. ಹೋದ ಕಿವಿ ವಾಪಸ್ ಸಿಗಲ್ಲ.

"ಇದೆಲ್ಲ ಸರಿ ಸಾರ್. ಗಾಜು ನಡುಗಬೇಕು ಅಂತ ಗಿರಾಕಿ ಕೇಳ್ತಾನಲ್ಲ?" ಅಂತಾನೆ ಒಬ್ಬ ಹುಡುಗ. ಅದಕ್ಕೂ ದಾರಿ ಇದೆ. ಗಣಪತಿ ಸಮಿತಿಗಳ ಅಧ್ಯಕ್ಷರನ್ನ, ಮಂಟಪದ ಮ್ಯಾನೇಜರುಗಳನ್ನ ಎರಡನೇ ದಿನ ಸಂಜೆ ಒಂದು ಗಂಟೆ ಕರೆಸಿ. ಒಂದೇ ಸೆಟ್ಟನ್ನ ಹದ ಇಲ್ಲದೆ ಒಮ್ಮೆ, ಹದ ಮಾಡಿ ಒಮ್ಮೆ ಕೇಳಿಸಿ. ವಾದ ಬೇಡ, ಕಿವಿಯೇ ತೀರ್ಪು ಕೊಡಲಿ.

ಯಾವಾಗ, ಎಷ್ಟು ಜನ, ಯಾರ ದುಡ್ಡು?

ಆಷಾಢವೇ ಸರಿ. ಮದುವೆ ಇಲ್ಲ, ಮಂಟಪ ಖಾಲಿ, ಮೈಕ್‌ಸೆಟ್ಟಿಗೆ ಧೂಳು. ಅದು ಕಳೆದು ಶ್ರಾವಣ, ಹಿಂದೆಯೇ ಗಣಪತಿ. ಕಲಿತದ್ದು ಮರೆಯೋದರೊಳಗೆ ಕೆಲಸಕ್ಕೆ ಬರುತ್ತೆ.

ಇಪ್ಪತ್ತು ಜನಕ್ಕಿಂತ ಹೆಚ್ಚು ಬೇಡ. ಐದೈದು ಜನರ ನಾಲ್ಕು ಗುಂಪು, ಗುಂಪಿಗೊಂದು ಸೆಟ್ಟು. ನೂರು ಜನ ಸೇರಿಸಿ ಫೋಟೋ ಹೊಡೆಸಿದರೆ ಪೇಪರಿಗೆ ಸುದ್ದಿ ಆಗುತ್ತೆ, ಹುಡುಗನ ಕೈಗೆ ಮಿಕ್ಸರ್ ಸಿಗಲ್ಲ. ಸೆಟ್ಟುಗಳೂ ಅವರವರದೇ ಇರಲಿ, ಅದೇ ಹಳೇ ಹಾರ್ನು, ಅದೇ ಒಡಕು ಬಾಕ್ಸು. ಫಾರಿನ್ ಸೆಟ್ ತಂದು ಪಾಠ ಮಾಡಿದರೆ ಮನೆಗೆ ಹೋಗಿ ಮಾಡೋದೇನು? ಕಲಿಸೋಕೆ ಬೆಂಗಳೂರಿನಿಂದ ಒಬ್ಬ ಬಲ್ಲ ಎಂಜಿನಿಯರು, ಪಕ್ಕದಲ್ಲಿ ನಮ್ಮೂರ ಹಿರಿಯರೊಬ್ಬರು. ಪಾಠ ಪೂರಾ ಕನ್ನಡದಲ್ಲಿ.

ಖರ್ಚು ಅಂದರೆ ಬಂದವರ ಬಸ್ ಚಾರ್ಜು, ಸಂಭಾವನೆ, ಎರಡು ದಿನದ ಊಟ. ಹುಡುಗರ ಎರಡು ದಿನದ ಕೂಲಿಯನ್ನ ಮಾಲೀಕರು ಕೊಡಬೇಕು. ಇಲ್ಲದಿದ್ದರೆ ಬರಬೇಕಾದವನೇ ಬರೋದಿಲ್ಲ. "ಕಲಿಸಿದರೆ ನಾಳೆ ಪಕ್ಕದ ಅಂಗಡಿಗೆ ಹೋಗ್ತಾನೆ" ಅಂತ ಕೆಲ ಮಾಲೀಕರಿಗೆ ಅಳುಕು. ಕಲಿಸದೆ ಇಟ್ಟುಕೊಂಡರೆ ಇಲ್ಲೇ ಇದ್ದು ಡ್ರೈವರ್ ಸುಡ್ತಾನೆ, ಅದು ಲಾಭವೇ?

ಕಲ್ಯಾಣ ಮಂಟಪದ ಮಾಲೀಕರೇ, ನಿಮ್ಮ ಹಾಲು ಆಷಾಢದಲ್ಲಿ ಹೇಗೂ ಬೀಗ ಹಾಕಿರುತ್ತೆ. ಎರಡು ದಿನ ತೆಗೆದು ಕೊಡಿ. ಪಾಲಿಕೆಯವರೇ, ಒಂದು ಸಂಜೆಗೆ ಒಂದು ಮೈದಾನ ಬಿಡಿ. ಮುಂದಿನ ರೈತರ ಸಭೆಯಲ್ಲಿ ಕೊನೇ ಸಾಲಿನವನು ನೀರು ಬಿಡೋ ತಾರೀಖನ್ನ ಪಕ್ಕದವನನ್ನ ಕೇಳದೆ ಬರಕೊಂಡು ಎದ್ದು ಹೋದರೆ, ಶಿಬಿರ ಗೆದ್ದ ಹಾಗೆ.